ಬೀಜ-ಕ್ಷೇತ್ರ ನ್ಯಾಯವೂ ಇಂದಿನ ಸಂತಾನವಿಧಿಗಳೂ

೧. ಪ್ರಸ್ತಾವನೆ

ಮಗುವು ಯಾರದು ಎಂಬ ಪ್ರಶ್ನೆಯು ಮೇಲ್ನೋಟಕ್ಕೆ ಸುಲಭವಾಗಿ ತೋರಿದರೂ, ನಮ್ಮ ಧರ್ಮಶಾಸ್ತ್ರಕಾರರು ಬಹುಕಾಲ ಚರ್ಚಿಸಿ, ಮತಭೇದಗಳಿಗೆ ಎಡೆಗೊಟ್ಟ ಪ್ರಶ್ನೆಗಳಲ್ಲಿ ಒಂದಾಗಿರುತ್ತದೆ. ಬೀಜವನ್ನಿತ್ತವನದೋ, ಕ್ಷೇತ್ರವುಳ್ಳವನದೋ, ಎತ್ತಿ ಸಾಕಿದವರದೋ ಎಂಬೀ ವಿಚಾರವು ಸೂತ್ರಕಾಲದಿಂದ ನಿಬಂಧಕಾಲದವರೆಗೆ ಹರಿದುಬಂದು, ಕಲಿವರ್ಜ್ಯಗಳ ಅಣೆಕಟ್ಟಿನಿಂದ ನಿಂತುಹೋದಂತೆ ತೋರಿತ್ತು. ೧೯೭೮ನೆಯ ಇಸವಿಯಲ್ಲಿ ಗರ್ಭಾಶಯದ ಹೊರಗೆ ಪಿಂಡೋತ್ಪತ್ತಿಯನ್ನು ಮಾಡಿ ಶಿಶುವನ್ನು ಪಡೆಯುವ ವಿದ್ಯೆಯು ಸಿದ್ಧಿಸಿದ ಮೇಲೆ ಅದೇ ಪ್ರಶ್ನೆಯು ಮತ್ತೆ ತಲೆಯೆತ್ತಿರುವುದು. ೨೦೨೧ರಲ್ಲಿ ಭಾರತದ ಸಂಸತ್ತು ಈ ವಿಷಯದಲ್ಲಿ ಎರಡು ಅಧಿನಿಯಮಗಳನ್ನು ಮಾಡಿತು. ಅವುಗಳನ್ನು ಓದುವ ಸಂಸ್ಕೃತಜ್ಞನಿಗೆ ಹಳೆಯ ಸ್ಮೃತಿವಾಕ್ಯಗಳ ಪೂರ್ವಪಕ್ಷ ಸಿದ್ಧಾಂತಗಳು ಹೆಜ್ಜೆಹೆಜ್ಜೆಗೂ ನೆನಪಿಗೆ ಬಾರದಿರವು.

ಈ ಲೇಖನದ ಉದ್ದೇಶವು ಹಳೆಯದರಲ್ಲಿ ಹೊಸದೆಲ್ಲವೂ ಇತ್ತೆಂದು ಸಾಧಿಸುವುದಲ್ಲ. ಹಾಗೆ ಸಾಧಿಸಲು ಹೊರಟವರಿಂದ ಶಾಸ್ತ್ರಕ್ಕೂ ಹಾನಿ, ವಿಜ್ಞಾನಕ್ಕೂ ಹಾನಿ. ಬೀಜ-ಕ್ಷೇತ್ರ ನ್ಯಾಯವು ಯಾವ ಮಾರ್ಗದಲ್ಲಿ ನಡೆದುಬಂದಿತು, ಇಂದಿನ ವಿಧಿಯು ಅದರ ಯಾವ ಕವಲಿಗೆ ಸೇರಿದುದು, ಹಿಂದಿನವರು ಕಾಪಾಡಿಕೊಂಡು ಬಂದಿದ್ದ ಯಾವ ಅಂಶವು ಈಗ ಕೈಬಿಡುತ್ತಿದೆ ಎಂಬ ಮೂರು ವಿಷಯಗಳನ್ನು ಯಥಾಮತಿಯಾಗಿ ಪರಿಶೀಲಿಸುವುದೇ ಇಲ್ಲಿಯ ಪ್ರಯತ್ನ.

೨. ಪುರಾಣಕಥೆಗಳ ಪ್ರಾಮಾಣ್ಯ

ಮೊದಲು ಕಥೆಗಳ ವಿಚಾರ. ಆದಿಪರ್ವದಲ್ಲಿ ಗಾಂಧಾರಿಯು ಎರಡು ವರ್ಷ ಗರ್ಭವನ್ನು ಧರಿಸಿ, ಕುಂತಿಗೆ ಮಗನಾದನೆಂದು ಕೇಳಿ ಹೊಟ್ಟೆಯನ್ನು ಹೊಡೆದುಕೊಳ್ಳಲು, ಕಬ್ಬಿಣದ ಉಂಡೆಯಂತಹ ಮಾಂಸಪಿಂಡವು ಬಿದ್ದಿತೆಂದೂ, ವ್ಯಾಸನು ಅದನ್ನು ತಣ್ಣೀರಿನಿಂದ ನೆನೆಸಿ ನೂರೊಂದು ಭಾಗವಾಗಿಸಿ ತುಪ್ಪದ ಕೊಡಗಳಲ್ಲಿ ಇಡಿಸಿದನೆಂದೂ ಇದೆ. ದ್ರೋಣನು ದ್ರೋಣಪಾತ್ರೆಯಲ್ಲಿ ಹುಟ್ಟಿದನು. ಕೃಪ ಕೃಪಿಯರು ಜೊಂಡಿನ ಮೆಳೆಯಲ್ಲಿ ದೊರೆತು ಶಂತನುವಿನಿಂದ ಬೆಳೆದರು. ದೇವಕಿಯ ಏಳನೆಯ ಗರ್ಭವು ರೋಹಿಣಿಯ ಉದರಕ್ಕೆ ಸೆಳೆಯಲ್ಪಟ್ಟುದರಿಂದ ಬಲರಾಮನಿಗೆ ಸಂಕರ್ಷಣನೆಂದು ಹೆಸರಾಯಿತು. ಶ್ವೇತಾಂಬರರ ಕಲ್ಪಸೂತ್ರದಲ್ಲಿ ಹರಿನೈಗಮೇಷಿಯು ಮಹಾವೀರನ ಗರ್ಭವನ್ನು ದೇವಾನಂದೆಯಿಂದ ತ್ರಿಶಲೆಗೆ ಒಯ್ದನೆಂದು ಹೇಳಿದೆ. ದಿಗಂಬರರು ಇದನ್ನು ಒಪ್ಪುವುದಿಲ್ಲ.

ಈ ಕಥೆಗಳನ್ನು ಆಧಾರವಾಗಿಟ್ಟುಕೊಂಡು ಪ್ರನಾಳ ಶಿಶುವಿನ ವಿದ್ಯೆಯು ನಮ್ಮ ಪೂರ್ವಿಕರಿಗೆ ತಿಳಿದಿತ್ತೆಂದು ವಾದಿಸುವವರುಂಟು. ೨೦೧೯ರ ಜನವರಿಯಲ್ಲಿ ಜಾಲಂಧರದಲ್ಲಿ ಸೇರಿದ್ದ ಭಾರತೀಯ ವಿಜ್ಞಾನ ಅಧಿವೇಶನದಲ್ಲಿಯೂ ಕೌರವರ ಜನನದ ವಿಷಯವಾಗಿ ಇಂತಹ ಮಾತು ಬಂದು, ವಿಜ್ಞಾನಿಗಳ ಆಕ್ಷೇಪಕ್ಕೆ ಗುರಿಯಾಯಿತು. ಶಾಸ್ತ್ರದೃಷ್ಟಿಯಿಂದಲೇ ನೋಡಿದರೂ ಈ ವಾದವು ನಿಲ್ಲತಕ್ಕುದಲ್ಲ. ಏಕೆಂದರೆ, ವೈದ್ಯವಿಷಯದಲ್ಲಿ ಪ್ರಮಾಣವಾಗತಕ್ಕುದು ವೈದ್ಯಗ್ರಂಥವೇ ಹೊರತು ಆಖ್ಯಾನವಲ್ಲ. ನೂರೊಂದು ಯಂತ್ರಗಳನ್ನೂ ಇಪ್ಪತ್ತು ಶಸ್ತ್ರಗಳನ್ನೂ ಎಣಿಸಿ ಹೇಳುವ ಸುಶ್ರುತನು, ಮೂಢಗರ್ಭವನ್ನು ಹೊರತೆಗೆಯುವ ಕ್ರಮವನ್ನು ಬಿಡದೆ ವಿವರಿಸುವ ಸುಶ್ರುತನು, ಗರ್ಭಾಶಯದ ಹೊರಗೆ ಪಿಂಡವನ್ನು ಬೆಳೆಸುವ ಕ್ರಮವನ್ನು ಹೇಳಿಲ್ಲ; ಚರಕನೂ ಹೇಳಿಲ್ಲ. ಇದಲ್ಲದೆ ಆ ಕಥೆಗಳೆಲ್ಲವೂ ಕಾರ್ಯಸಿದ್ಧಿಯನ್ನು ಋಷಿಯ ತಪಸ್ಸಿಗೋ ದೇವತೆಯ ಮಾಯೆಗೋ ಒಪ್ಪಿಸುತ್ತವೆ. ಮತ್ತೊಬ್ಬನು ಕಲಿತು ಮಾಡಬಹುದಾದ ವಿದ್ಯೆಯೆಂದು ಎಲ್ಲಿಯೂ ಹೇಳುವುದಿಲ್ಲ. ಗ್ರೀಕರ ಪುರಾಣದಲ್ಲಿಯೂ ಜ್ಯೂಸನು ದಿಯೊನೀಸನನ್ನು ತನ್ನ ತೊಡೆಯಲ್ಲಿ ಹೊಲಿದುಕೊಂಡು ಬೆಳೆಸಿದನೆಂಬ ಕಥೆಯುಂಟು. ಅದರಿಂದ ಗ್ರೀಕರಿಗೆ ಶಸ್ತ್ರವಿದ್ಯೆಯು ಅಷ್ಟು ದೂರ ತಿಳಿದಿತ್ತೆಂದು ಯಾರೂ ಹೇಳುವುದಿಲ್ಲ.

ಹಾಗಾದರೆ ಈ ಕಥೆಗಳು ನಿಷ್ಪ್ರಯೋಜನವೋ ಎಂದರೆ, ಅಲ್ಲ. ಬೀಜ, ಗರ್ಭ, ಪೋಷಣೆ ಎಂಬ ಮೂರನ್ನು ಬಿಡಿಸಿ ಬೇರೆಬೇರೆಯಾಗಿ ಯೋಚಿಸುವ ಶಕ್ತಿಯು ನಮ್ಮ ಕವಿಗಳಿಗಿತ್ತೆಂಬುದನ್ನು ಅವು ತೋರಿಸುತ್ತವೆ. ಅದಕ್ಕಿಂತ ಮುಖ್ಯವಾಗಿ, ಹೀಗೆ ಬಿಡಿಸಿದಾಗ ಹುಟ್ಟಿದವನಿಗೆ ಯಾರ ಹೆಸರನ್ನು ಇಡತಕ್ಕುದೆಂಬ ಪ್ರಶ್ನೆಗೆ ಅವು ಕೊಟ್ಟ ಉತ್ತರವು ಗಮನಾರ್ಹ. ಅಮರಸಿಂಹನ ನಾಮಲಿಂಗಾನುಶಾಸನದಲ್ಲಿ ಬಲರಾಮನಿಗೆ ಸಂಕರ್ಷಣನೆಂಬ ಹೆಸರೂ ಉಂಟು, ರೌಹಿಣೇಯನೆಂಬ ಹೆಸರೂ ಉಂಟು. ಒಂದು ಗರ್ಭವು ಬದಲಾದುದನ್ನು ಹೇಳುತ್ತದೆ. ಇನ್ನೊಂದು ಹೊತ್ತು ಹೆತ್ತವಳನ್ನು ಹೇಳುತ್ತದೆ. ಷಣ್ಮುಖನ ಹೆಸರುಗಳಂತೂ ಇನ್ನೂ ಸ್ವಾರಸ್ಯವಾಗಿವೆ. ಪಾರ್ವತೀನಂದನ, ಅಗ್ನಿಭೂ, ಶರಜನ್ಮಾ, ಕಾರ್ತಿಕೇಯ, ಷಾಣ್ಮಾತುರ ಎಂಬಿವೆಲ್ಲವೂ ಒಬ್ಬನಿಗೇ ಸಲ್ಲುತ್ತವೆ. ತೇಜಸ್ಸನ್ನು ಹೊತ್ತ ಅಗ್ನಿ, ಹುಟ್ಟಿದ ಶರವಣ, ಹಾಲೂಡಿದ ಕೃತ್ತಿಕೆಯರು ಆರುಮಂದಿ, ಮಗನೆಂದು ಎತ್ತಿಕೊಂಡ ಪಾರ್ವತಿ, ಇವರಲ್ಲಿ ಒಬ್ಬರನ್ನೂ ಕೋಶಕಾರನು ಕೈಬಿಟ್ಟಿಲ್ಲ. ಈ ಸಂಗತಿಯನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು. ಲೇಖನದ ಕಡೆಯಲ್ಲಿ ಇದರ ಪ್ರಯೋಜನವು ಕಂಡುಬರುವುದು.

೩. ಸೂತ್ರಗಳಲ್ಲಿಯೂ ಸ್ಮೃತಿಗಳಲ್ಲಿಯೂ

ಇನ್ನು ಶಾಸ್ತ್ರ. ಮಗುವು ಜನಕನದೇ ಎಂಬುದು ಆಪಸ್ತಂಬನ ಮತ. ಗೌತಮನು ಇದನ್ನೇ ಸಾಮಾನ್ಯನಿಯಮವಾಗಿ ಹೇಳಿ, ಮೊದಲೇ ಸಮಯ ಅಥವಾ ಒಪ್ಪಂದವು ನಡೆದಿದ್ದರೆ ಮತ್ತೊಬ್ಬನದಾಗಬಹುದೆಂದು ಅಪವಾದವನ್ನು ಸೇರಿಸುತ್ತಾನೆ. ವಸಿಷ್ಠನು ಕ್ಷೇತ್ರಿಕನಿಗೂ ಜನಕನಿಗೂ ಉಂಟಾಗುವ ವಿವಾದವನ್ನು ಎತ್ತಿ, ಉಭಯಪಕ್ಷದ ವಚನಗಳನ್ನೂ ಉದಾಹರಿಸುತ್ತಾನೆ.

ಮನುಸ್ಮೃತಿಯ ಒಂಬತ್ತನೆಯ ಅಧ್ಯಾಯದಲ್ಲಿ ಈ ಚರ್ಚೆಯು ಪೂರ್ಣರೂಪವನ್ನು ತಾಳಿರುತ್ತದೆ. ಸ್ತ್ರೀಯು ಕ್ಷೇತ್ರ, ಪುರುಷನು ಬೀಜ. ಕೆಲವೆಡೆ ಬೀಜವೇ ಮೇಲು, ಕೆಲವೆಡೆ ಕ್ಷೇತ್ರವೇ ಮೇಲು, ಎರಡೂ ಸಮವಾದೆಡೆ ಸಂತಾನವು ಪ್ರಶಸ್ತ, ಎಂದು ಮನುವು ಆರಂಭಿಸುತ್ತಾನೆ. ಭತ್ತವನ್ನು ಬಿತ್ತಿದಲ್ಲಿ ಭತ್ತವೇ ಬೆಳೆಯುವುದರಿಂದ ಗುಣದ ವಿಷಯದಲ್ಲಿ ಬೀಜವು ಪ್ರಧಾನ. ಆದರೆ ಸ್ವಾಮ್ಯದ ವಿಷಯದಲ್ಲಿ ನ್ಯಾಯವು ತಿರುಗುತ್ತದೆ. ಪರರ ಹೊಲದಲ್ಲಿ ಬಿತ್ತಿದವನಿಗೆ ಬೆಳೆಯು ಸಿಕ್ಕುವುದಿಲ್ಲ. ಹಸುವಿನ ಒಡೆಯನಿಗೆ ಕರುವು ಸೇರುವುದೇ ಹೊರತು ಹೋರಿಯ ಒಡೆಯನಿಗಲ್ಲ. ಗಾಳಿಯೋ ನೀರೋ ತಂದು ಹಾಕಿದ ಬೀಜದ ಫಲವು ಹೊಲದವನದೇ. ಒಪ್ಪಂದವನ್ನು ಮಾಡಿಕೊಂಡು ಬೀಜಕ್ಕಾಗಿ ಕ್ಷೇತ್ರವನ್ನು ಕೊಟ್ಟಿದ್ದರೆ ಮಾತ್ರ ಬೀಜಿಗೂ ಕ್ಷೇತ್ರಿಗೂ ಇಬ್ಬರಿಗೂ ಭಾಗವುಂಟು. ಹೀಗೆ ಗುಣವು ಬೀಜದಿಂದ, ಸ್ವಾಮ್ಯವು ಕ್ಷೇತ್ರದಿಂದ, ವಿಭಾಗವು ಸಮಯದಿಂದ ಎಂಬ ಮೂರು ಸೂತ್ರಗಳು ಫಲಿಸುತ್ತವೆ. ಇದರ ಮುಂದೆಯೇ ಮನುವು ನಿಯೋಗವನ್ನು ವಿಧಿಸಿ, ವೇನರಾಜನ ಕಾಲದಲ್ಲಿ ಅದು ಕೆಟ್ಟಿತೆಂದು ಮತ್ತೆ ನಿಷೇಧಿಸಿರುವುದು ಸರ್ವವಿದಿತ.

ಇಲ್ಲಿ ಒಂದು ವಿಶೇಷವಿದೆ. ಕ್ಷೇತ್ರವೆಂದು ಹೇಳಿದ್ದು ಸ್ತ್ರೀಯನ್ನು. ಆದರೆ ಫಲದ ಸ್ವಾಮ್ಯವು ಹೋದದ್ದು ಆಕೆಗಲ್ಲ, ಆಕೆಯ ಗಂಡನಿಗೆ. ಹೊಲವು ಬೆಳೆಯನ್ನು ಕೇಳುವುದಿಲ್ಲವೆಂಬುದೇ ಈ ಉಪಮೆಯ ಬಲವೂ ಹೌದು, ದೋಷವೂ ಹೌದು. ವೈದ್ಯರು ಈ ದೋಷವನ್ನು ಅಷ್ಟಿಷ್ಟು ತಿದ್ದಿದರು. ಋತು, ಕ್ಷೇತ್ರ, ಅಂಬು, ಬೀಜಗಳೆಂಬ ನಾಲ್ಕರ ಸಂಯೋಗದಿಂದ ಅಂಕುರವಾಗುವಂತೆ ಗರ್ಭವಾಗುವುದೆಂದು ಸುಶ್ರುತನು ಹೇಳಿದರೆ, ಚರಕನು ಗರ್ಭವನ್ನು ಮಾತೃಜ, ಪಿತೃಜ, ಆತ್ಮಜ, ಸಾತ್ಮ್ಯಜ, ರಸಜ, ಸತ್ತ್ವಜ ಎಂದು ಆರು ಕಾರಣಗಳಿಗೆ ಹಂಚಿ, ರಕ್ತ ಮಾಂಸ ಹೃದಯಾದಿಗಳು ತಾಯಿಯಿಂದಲೂ ಕೇಶ ನಖ ದಂತ ಅಸ್ಥಿ ಮೊದಲಾದುವು ತಂದೆಯಿಂದಲೂ ಬರುವುವೆಂದು ವಿಭಾಗಿಸಿದನು. ತಾಯಿಯು ಬರಿಯ ನೆಲವಲ್ಲವೆಂಬುದನ್ನು ವೈದ್ಯಶಾಸ್ತ್ರವು ಹೀಗೆ ಒಪ್ಪಿತ್ತು.

ಸಂತಾನವನ್ನು ಹಣಕ್ಕೆ ಕೊಡುವ ವಿಷಯದಲ್ಲಿಯೂ ಏಕಾಭಿಪ್ರಾಯವಿರಲಿಲ್ಲ. ತಾಯಿತಂದೆಗಳಿಂದ ಹುಟ್ಟಿದವನಾದುದರಿಂದ ಮಗನನ್ನು ಕೊಡಲೂ ಮಾರಲೂ ತ್ಯಜಿಸಲೂ ಅವರಿಗೆ ಅಧಿಕಾರವುಂಟೆಂದು ವಸಿಷ್ಠನು ಹೇಳಿ, ಒಬ್ಬನೇ ಮಗನನ್ನು ಕೊಡಕೂಡದೆಂದು ತಡೆಯುತ್ತಾನೆ. ಆಪಸ್ತಂಬನಾದರೋ ಅಪತ್ಯಕ್ಕೆ ದಾನವೂ ಕ್ರಯವೂ ಇಲ್ಲವೆಂದು ಒಂದೇ ಮಾತಿನಲ್ಲಿ ಕಡಿದುಹಾಕುತ್ತಾನೆ. ಐತರೇಯ ಬ್ರಾಹ್ಮಣದಲ್ಲಿ ಅಜೀಗರ್ತನು ಶುನಃಶೇಪನನ್ನು ನೂರು ಹಸುಗಳಿಗೆ ಮಾರಿ, ಕಟ್ಟುವುದಕ್ಕೆ ಮತ್ತೆ ನೂರನ್ನೂ, ಕೊಲ್ಲುವುದಕ್ಕೆ ಇನ್ನೂ ನೂರನ್ನೂ ಪಡೆದನು. ಬಿಡುಗಡೆಯಾದ ಮೇಲೆ ತಂದೆಯು ಮರಳಿ ಕರೆಯಲು, ಹುಡುಗನು ಒಲ್ಲೆನೆಂದು ವಿಶ್ವಾಮಿತ್ರನ ಮಗನಾದನು. ವೈದಿಕ ವಾಙ್ಮಯದಲ್ಲಿ ತಾನು ಯಾರ ಮಗನೆಂಬುದನ್ನು ಮಗನೇ ನಿರ್ಣಯಿಸಿದ ಸಂದರ್ಭವಿದು. ವಸಿಷ್ಠನು ಕ್ರೀತ, ಸ್ವಯಮುಪಾಗತ ಎಂಬ ಪುತ್ರಭೇದಗಳೆರಡಕ್ಕೂ ಇವನನ್ನೇ ನಿದರ್ಶನವಾಗಿ ಕೊಟ್ಟಿರುವುದು ಮನನೀಯ.

೪. ಮಿತಾಕ್ಷರೆಯ ಮಾರ್ಗ

ಈ ಚರ್ಚೆಗೆ ಕರ್ಣಾಟಕವು ಸಲ್ಲಿಸಿದ ಸೇವೆಯು ಅಲ್ಪವಲ್ಲ. ಕಲ್ಯಾಣದ ಚಾಳುಕ್ಯ ಚಕ್ರವರ್ತಿಯಾದ ಆರನೆಯ ವಿಕ್ರಮಾದಿತ್ಯನ (೧೦೭೬-೧೧೨೬) ಕಾಲದಲ್ಲಿ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರೆಯನ್ನು ಬರೆದನು. ಬಂಗಾಳವನ್ನು ಬಿಟ್ಟು ಉಳಿದ ಭಾರತದ ಬಹುಭಾಗದಲ್ಲಿ ದಾಯವಿಷಯಕ್ಕೆ ಇದೇ ಪ್ರಮಾಣವಾಯಿತು.

ನಿಯೋಗದಿಂದ ಹುಟ್ಟಿದವನು ಬೀಜಿ ಕ್ಷೇತ್ರಿಗಳಿಬ್ಬರಿಗೂ ದಾಯಾದನೂ ಪಿಂಡದಾತನೂ ಆಗುವನೆಂಬ ಯಾಜ್ಞವಲ್ಕ್ಯವಚನಕ್ಕೆ ವ್ಯಾಖ್ಯಾನವನ್ನು ಮಾಡುತ್ತ ವಿಜ್ಞಾನೇಶ್ವರನು ದ್ವ್ಯಾಮುಷ್ಯಾಯಣ, ಎಂದರೆ ಇಬ್ಬರು ತಂದೆಗಳ ಮಗ, ಎಂಬುದನ್ನು ವಿವರಿಸಿ, ಉಭಯಸ್ವಾಮ್ಯಕ್ಕೆ ಒಪ್ಪಂದವೇ ಮೂಲವೆಂದು ನಿಲ್ಲಿಸುತ್ತಾನೆ. ನಿಯೋಗವನ್ನಾದರೋ ವಾಗ್ದತ್ತೆಯಾದ ಕನ್ಯೆಯ ವಿಷಯಕ್ಕೆ ಮಾತ್ರ ಸಂಕೋಚಗೊಳಿಸುತ್ತಾನೆ.

ಆದರೆ ಪ್ರಕೃತಕ್ಕೆ ಇದಕ್ಕಿಂತಲೂ ಹೆಚ್ಚಿನ ಉಪಯೋಗವುಳ್ಳದ್ದು ಆತನ ಸಾಪಿಂಡ್ಯನಿರ್ವಚನ. ಸಪಿಂಡತ್ವವು ಪಿಂಡಪ್ರದಾನದಿಂದ ಬರುವುದಲ್ಲ, ಏಕಶರೀರದ ಅವಯವಗಳ ಅನ್ವಯದಿಂದ ಬರುವುದು ಎಂದು ಆತನು ಪ್ರತಿಪಾದಿಸಿದನು. ಮಗನಿಗೆ ತಂದೆಯ ಶರೀರಾವಯವಗಳ ಸಂಬಂಧವಿರುವಂತೆಯೇ ತಾಯಿಯ ಶರೀರಾವಯವಗಳ ಸಂಬಂಧವೂ ಉಂಟು. ಆದುದರಿಂದಲೇ ತಂದೆಯ ಕಡೆ ಏಳು, ತಾಯಿಯ ಕಡೆ ಐದು ತಲೆಗಳವರೆಗೆ ವಿವಾಹನಿಷೇಧ. ಹೆಣ್ಣುಮಕ್ಕಳಲ್ಲಿ ತಾಯಿಯ ಅವಯವಗಳು ಬಹುಳವಾಗಿರುವುದರಿಂದ ಸ್ತ್ರೀಧನವು ಅವರಿಗೆ ಸಲ್ಲತಕ್ಕುದೆಂದೂ, ಮಕ್ಕಳಿಲ್ಲದವನ ಸ್ವತ್ತು ತಂದೆಗಿಂತ ಮೊದಲು ತಾಯಿಗೆ ಹೋಗತಕ್ಕುದೆಂದೂ ಆತನು ಇತ್ತ ತೀರ್ಪುಗಳಲ್ಲಿ ತಾಯಿಯು ಕೇವಲ ಕ್ಷೇತ್ರವಲ್ಲ, ತಾನೂ ಒಂದು ಮೂಲವೆಂಬ ದೃಷ್ಟಿಯು ಸ್ಪಷ್ಟವಾಗಿದೆ. ಸಸ್ತನಿಗಳ ಅಂಡವನ್ನು ಕಾರ್ಲ್ ಅರ್ನ್ಸ್ಟ್ ಫಾನ್ ಬೇಯರರು ೧೮೨೭ರಲ್ಲಿ ಕಂಡುಹಿಡಿದ ಮೇಲೆ ಸ್ತ್ರೀಯಲ್ಲಿಯೂ ಬೀಜವಿರುವುದೆಂಬುದು ಪ್ರತ್ಯಕ್ಷಸಿದ್ಧವಾಯಿತು. ವಿಜ್ಞಾನೇಶ್ವರನಿಗೆ ಈ ಅಂಡದ ಜ್ಞಾನವಿತ್ತೆಂದು ನಾವು ಹೇಳತಕ್ಕುದಲ್ಲ. ವ್ಯವಹಾರದ ನ್ಯಾಯದಿಂದಲೇ ಆತನು ಅಲ್ಲಿಯ ಸಮೀಪಕ್ಕೆ ಬಂದನೆಂದರೆ ಸಾಕು.

೫. ದತ್ತಕದ ಪ್ರಾಬಲ್ಯ

ದ್ವಾದಶಪುತ್ರರಲ್ಲಿ ಔರಸ ದತ್ತಕರಿಬ್ಬರನ್ನು ಬಿಟ್ಟು ಉಳಿದವರೆಲ್ಲರೂ ಕಲಿವರ್ಜ್ಯರಾದರು. ಹೀಗೆ ಬೀಜವೂ ಇಲ್ಲದ ಕ್ಷೇತ್ರವೂ ಇಲ್ಲದ ದತ್ತಕನು ಕ್ಷೇತ್ರಜನನ್ನು ತಳ್ಳಿ ನಿಂತದ್ದು ಒಂದು ಸೋಜಿಗ. ದತ್ತಕನು ಮಗನಾಗುವುದು ಕೊಡುವವನ ದಾನ, ತೆಗೆದುಕೊಳ್ಳುವವನ ಪ್ರತಿಗ್ರಹ, ಇವುಗಳಿಂದ, ಎಂದರೆ ಸಂಕಲ್ಪದಿಂದ. ನಂದಪಂಡಿತನ ದತ್ತಕಮೀಮಾಂಸೆಯು ಚೂಡಾದಿ ಸಂಸ್ಕಾರಗಳು ಯಾರ ಗೋತ್ರದಲ್ಲಿ ನಡೆದುವೆಂಬುದಕ್ಕೆ ಬಹಳ ಬೆಲೆಯನ್ನು ಕೊಡುತ್ತದೆ. ಹುಟ್ಟಿದ ಮನೆಗಿಂತ ಸಂಸ್ಕಾರವನ್ನು ಪಡೆದ ಮನೆಯು ಮಗನನ್ನು ಮಗನನ್ನಾಗಿ ಮಾಡುವುದೆಂಬುದೇ ಇದರ ತಾತ್ಪರ್ಯ. ಎಳೆಯ ವಯಸ್ಸಿನ ಶಿಕ್ಷಣವು ಮಗುವಿನ ಎರಡನೆಯ ಜನ್ಮವೆಂಬುದನ್ನು ನಮ್ಮವರು ಹೀಗೆ ದಾಯವಿಚಾರದಲ್ಲಿಯೂ ಮರೆತಿರಲಿಲ್ಲ.

ಈ ಸಂಕಲ್ಪಪುತ್ರತ್ವವನ್ನು ಹೊರಗಿನ ಅಧಿಕಾರವು ಒಪ್ಪದೆ ಹೋದಾಗ ಏನಾಯಿತೆಂಬುದನ್ನು ನಮ್ಮ ನಾಡಿನ ಚರಿತ್ರೆಯೇ ಹೇಳುತ್ತದೆ. ಕಿತ್ತೂರಿನಲ್ಲಿ ಶಿವಲಿಂಗರುದ್ರಸರ್ಜನು ೧೮೨೪ರಲ್ಲಿ ಕಾಲವಾಗಲು, ದತ್ತುಪುತ್ರನ ಹಕ್ಕನ್ನು ಧಾರವಾಡದ ಕಲೆಕ್ಟರನಾದ ಥ್ಯಾಕರೆಯು ಮನ್ನಿಸಲಿಲ್ಲ. ಅದೇ ವರ್ಷದ ಅಕ್ಟೋಬರಿನಲ್ಲಿ ರಾಣಿ ಚೆನ್ನಮ್ಮನ ಸೈನ್ಯದೊಡನೆ ನಡೆದ ಯುದ್ಧದಲ್ಲಿ ಥ್ಯಾಕರೆಯು ಹತನಾದನು. ಮೈಸೂರಿನಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರವರು ೧೮೬೫ರಲ್ಲಿ ಸ್ವೀಕರಿಸಿದ ದತ್ತುವನ್ನು ರಾಜ್ಯದ ವಾರಸಿಗೆ ಒಪ್ಪಲು ಬ್ರಿಟಿಷ್ ಸರ್ಕಾರವು ಮೊದಲು ಹಿಂಜರಿದು, ೧೮೬೭ರಲ್ಲಿ ಸಮ್ಮತಿಸಿತು. ೧೮೮೧ರಲ್ಲಿ ಚಾಮರಾಜ ಒಡೆಯರವರಿಗೆ ರಾಜ್ಯವು ಹಿಂದಿರುಗಿತು.

೧೯೫೬ರ ಹಿಂದೂ ದತ್ತಕ ಮತ್ತು ಜೀವನಾಂಶ ಅಧಿನಿಯಮವು ದತ್ತಕವಿಧಿಯನ್ನು ಸಂಗ್ರಹಿಸಿತು. ದತ್ತಹೋಮವು ಅವಶ್ಯಕವಲ್ಲವೆಂದೂ, ಹೆಣ್ಣುಮಗುವನ್ನೂ ದತ್ತು ತೆಗೆದುಕೊಳ್ಳಬಹುದೆಂದೂ, ದತ್ತಕ್ಕಾಗಿ ಹಣವನ್ನು ಕೊಡುವುದೂ ತೆಗೆದುಕೊಳ್ಳುವುದೂ ಅಪರಾಧವೆಂದೂ ಅದರಲ್ಲಿದೆ. ಇಲ್ಲಿ ಗೆದ್ದದ್ದು ಆಪಸ್ತಂಬನ ಪಕ್ಷ. ಇನ್ನೊಂದು ಉಪವಿಧಿಯೂ ಗಮನಕ್ಕೆ ಅರ್ಹ. ದತ್ತುಹೋದ ಮಗುವು ತಾನು ಹುಟ್ಟಿದ ಮನೆಯಲ್ಲಿಯೇ ಉಳಿದಿದ್ದರೆ ಯಾರನ್ನು ಮದುವೆಯಾಗಬಾರದಾಗಿತ್ತೋ ಅವರನ್ನು ಈಗಲೂ ಮದುವೆಯಾಗಬಾರದು. ಮನೆ ಬದಲಾದರೂ ಶರೀರಸಂಬಂಧದ ನೆನಪು ಅಳಿಯಕೂಡದೆಂಬ ಮಿತಾಕ್ಷರೆಯ ಆಶಯವು ಹೀಗೆ ಉಳಿದುಬಂದಿದೆ.

೬. ಹೊಸ ವಿದ್ಯೆಯ ಚರಿತ್ರೆ

೧೯೭೮ನೆಯ ಜುಲೈ ೨೫ರಂದು ಇಂಗ್ಲೆಂಡಿನ ಓಲ್ಡ್‌ಹ್ಯಾಮಿನಲ್ಲಿ ಲೂಯಿಸ್ ಬ್ರೌನ್ ಎಂಬ ಹೆಣ್ಣುಶಿಶುವು ಜನಿಸಿತು. ರಾಬರ್ಟ್ ಎಡ್ವರ್ಡ್ಸ್, ಪ್ಯಾಟ್ರಿಕ್ ಸ್ಟೆಪ್ಟೋ, ಜೀನ್ ಪರ್ಡಿ ಎಂಬ ಮೂವರ ಪರಿಶ್ರಮವಿದು. ಎಡ್ವರ್ಡ್ಸರಿಗೆ ೨೦೧೦ರಲ್ಲಿ ನೊಬೆಲ್ ಪಾರಿತೋಷಕವು ದೊರೆತಾಗ ಉಳಿದಿಬ್ಬರೂ ಜೀವಿಸಿರಲಿಲ್ಲ.

ಅದೇ ವರ್ಷದ ಅಕ್ಟೋಬರ್ ೩ರಂದು ಕಲಕತ್ತೆಯಲ್ಲಿ ವೈದ್ಯ ಸುಭಾಷ್ ಮುಖೋಪಾಧ್ಯಾಯರ ಪ್ರಯತ್ನದಿಂದ, ಶೈತ್ಯದಲ್ಲಿ ಕಾಪಾಡಿಟ್ಟಿದ್ದ ಪಿಂಡದ ಮೂಲಕ, ದುರ್ಗಾ ಎಂದು ಹೆಸರಾದ ಶಿಶುವು ಹುಟ್ಟಿತು. ಪಶ್ಚಿಮ ಬಂಗಾಳದ ಸರ್ಕಾರವು ನೇಮಿಸಿದ ಸಮಿತಿಯು ಇದನ್ನು ನಂಬಲಿಲ್ಲ. ಮನನೊಂದ ಮುಖೋಪಾಧ್ಯಾಯರು ೧೯೮೧ರ ಜೂನ್ ೧೯ರಂದು ತಾವಾಗಿಯೇ ಪ್ರಾಣವನ್ನು ತ್ಯಜಿಸಿದರು. ೧೯೮೬ರ ಆಗಸ್ಟ್ ೬ರಂದು ಮುಂಬಯಿಯಲ್ಲಿ ವೈದ್ಯೆ ಇಂದಿರಾ ಹಿಂದುಜಾ ಮತ್ತು ವಿಜ್ಞಾನಿ ಆನಂದಕುಮಾರರ ಕಾರ್ಯದಿಂದ ಜನಿಸಿದ ಶಿಶುವನ್ನೇ ಭಾರತದ ಮೊದಲ ಪ್ರನಾಳ ಶಿಶುವೆಂದು ಎಣಿಸಲಾಗುತ್ತಿತ್ತು. ೧೯೯೭ರಲ್ಲಿ ಆನಂದಕುಮಾರರು ಮುಖೋಪಾಧ್ಯಾಯರ ಬರೆಹಗಳನ್ನು ತಾವೇ ಪರಿಶೀಲಿಸಿ, ಪ್ರಥಮಸ್ಥಾನವು ತಮಗಲ್ಲ, ಅವರಿಗೇ ಸಲ್ಲತಕ್ಕುದೆಂದು ಸಾರಿದರು. ಗ್ರಂಥಕರ್ತೃತ್ವದ ವಿವಾದಗಳಲ್ಲಿ ತೊಡಗಿರುವ ನಮ್ಮಂತಹವರಿಗೆ ಇದು ಮಾದರಿಯಾಗತಕ್ಕ ನಡತೆ.

ಈ ವಿದ್ಯೆಯಿಂದ ಹಳೆಯ ದ್ವಂದ್ವವು ಒಡೆಯಿತು. ಹಿಂದೆ ಬೀಜವೊಂದು, ಕ್ಷೇತ್ರವೊಂದು. ಈಗ ಬೀಜಗಳು ಎರಡು, ಕ್ಷೇತ್ರವೊಂದು, ಇವು ಮೂರೂ ಅಲ್ಲದೆ ಸಂಕಲ್ಪಿಸಿದ ದಂಪತಿಗಳು ಬೇರೆ. ಒಂದು ಶಿಶುವಿಗೆ ಐದು ಮಂದಿ ಸಂಬಂಧಿಗಳು ಏರ್ಪಡಬಹುದು. ೨೦೦೮ರಲ್ಲಿ ಗುಜರಾತಿನ ಆಣಂದದಲ್ಲಿ ಜಪಾನೀ ದಂಪತಿಗಳಿಗಾಗಿ ಒಂದು ಹೆಣ್ಣುಮಗುವು ಜನಿಸಿತು. ಪುರುಷಬೀಜವು ಗಂಡನದು, ಸ್ತ್ರೀಬೀಜವು ಅಜ್ಞಾತದಾತ್ರಿಯದು, ಹೊತ್ತವಳು ಇನ್ನೊಬ್ಬಳು. ಮಗುವು ಹುಟ್ಟುವುದಕ್ಕೆ ಮೊದಲೇ ಆ ದಂಪತಿಗಳು ವಿಚ್ಛೇದನವನ್ನು ಪಡೆದಿದ್ದರು. ನಾಲ್ವರ ನಡುವೆ ಹುಟ್ಟಿದ ಶಿಶುವಿಗೆ ತಾಯಿಯೆನ್ನತಕ್ಕವರು ಯಾರೂ ಮುಂದೆ ಬಾರದೆ, ಪ್ರಕರಣವು ಸರ್ವೋಚ್ಚ ನ್ಯಾಯಾಲಯದವರೆಗೆ ಹೋಗಿ, ಕಡೆಗೆ ಮಗುವಿನ ಅಜ್ಜಿಯು ಬಂದು ಎತ್ತಿಕೊಂಡು ಹೋದಳು. ಸಮಯವು ಮುರಿದುಬಿದ್ದಾಗ ಸಂತಾನದ ಗತಿಯೇನೆಂಬುದನ್ನು ಹಳೆಯ ಸ್ಮೃತಿಕಾರರು ಕೇಳಿರಲಿಲ್ಲ; ಈ ಕೂಸು ಕೇಳಿಸಿತು.

೭. ಎರಡು ಅಧಿನಿಯಮಗಳು

೨೦೨೧ರ ಸಹಾಯಕ ಸಂತಾನೋತ್ಪತ್ತಿ ತಂತ್ರಜ್ಞಾನ ನಿಯಂತ್ರಣಾಧಿನಿಯಮವೂ ಬಾಡಿಗೆ ತಾಯ್ತನ ನಿಯಂತ್ರಣಾಧಿನಿಯಮವೂ ೨೦೨೨ರ ಜನವರಿ ೨೫ರಿಂದ ಜಾರಿಗೆ ಬಂದುವು. ಇವುಗಳನ್ನು ಬೀಜ-ಕ್ಷೇತ್ರ ನ್ಯಾಯದ ಒರೆಗಲ್ಲಿಗೆ ಹಚ್ಚಿ ನೋಡೋಣ.

ಮೊದಲನೆಯದರಲ್ಲಿ ಬೀಜದಾನಕ್ಕೆ ಅವಕಾಶವುಂಟು. ಸ್ತ್ರೀಬೀಜವನ್ನು ಕೊಡತಕ್ಕವಳು ೨೩ರಿಂದ ೩೫ರೊಳಗಿನ ವಯಸ್ಸಿನವಳಾಗಿರಬೇಕು, ಆಜನ್ಮದಲ್ಲಿ ಒಂದೇ ಸಲ ಕೊಡಬೇಕು, ಏಳಕ್ಕಿಂತ ಹೆಚ್ಚು ಅಂಡಗಳನ್ನು ತೆಗೆಯಕೂಡದು. ದಾನಮಾಡಿದವರಿಗೆ ಮಗುವಿನಲ್ಲಿ ಯಾವ ಹಕ್ಕೂ ಇಲ್ಲ. ಮಗುವು ಬಯಸಿದ ದಂಪತಿಗಳದೇ. ಇಲ್ಲಿ ಬೀಜವು ಸೋತಿತು. ಹೆಂಡತಿಯು ಹೊತ್ತು ಹೆತ್ತಲ್ಲಿ ಕ್ಷೇತ್ರವು ಗೆದ್ದಿತು. ಇದು ಮನುವಿನ ಸ್ವಾಮ್ಯಸೂತ್ರಕ್ಕೆ ಸರಿಹೊಂದುತ್ತದೆ.

ಎರಡನೆಯದರಲ್ಲಿ ಇದು ತಲೆಕೆಳಗಾಗುತ್ತದೆ. ಹೊರುವವಳು ವಿವಾಹವಾದವಳೂ, ಸ್ವಂತ ಮಗುವುಳ್ಳವಳೂ, ೨೫ರಿಂದ ೩೫ ವರ್ಷದವಳೂ ಆಗಿರಬೇಕು. ಜೀವಮಾನದಲ್ಲಿ ಒಂದೇ ಸಲ ಹೊರಬೇಕು. ವೈದ್ಯವೆಚ್ಚ, ೩೬ ತಿಂಗಳ ವಿಮೆ ಮೊದಲಾದುವಲ್ಲದೆ ಬೇರೆ ಹಣವನ್ನು ಪಡೆಯಕೂಡದು. ತನ್ನ ಬೀಜವನ್ನು ಕೊಡಲೇಕೂಡದು. ಮಗುವಿನಲ್ಲಿ ಆಕೆಗೆ ಹಕ್ಕಿಲ್ಲ. ಇಲ್ಲಿ ಕ್ಷೇತ್ರವು ಸೋತಿತು, ಬೀಜವು ಗೆದ್ದಿತು. ಸ್ತ್ರೀಯು ಬರಿಯ ಕ್ಷೇತ್ರವೆಂಬ ಉಪಮೆಯನ್ನು ೧೮೨೭ರಲ್ಲಿ ಶಾರೀರಶಾಸ್ತ್ರವು ಅಳಿಸಿತು. ೨೦೨೧ರಲ್ಲಿ ವಿಧಿಯು ಬುದ್ಧಿಪೂರ್ವಕವಾಗಿ ಅದನ್ನು ಮತ್ತೆ ನಿರ್ಮಿಸಿತು. ಬೀಜವನ್ನು ಬೇರ್ಪಡಿಸಿ, ಹೊರುವವಳನ್ನು ಶುದ್ಧಕ್ಷೇತ್ರವನ್ನಾಗಿ ಮಾಡಿದರೆ ಆಕೆಯ ಮಮತೆಯೂ ಬೇರ್ಪಡುವುದೆಂಬ ನಂಬಿಕೆಯೇ ಇದಕ್ಕೆ ಮೂಲವಾಗಿರಬೇಕು.

ಒಂದೇ ವರ್ಷದ ಎರಡು ವಿಧಿಗಳಲ್ಲಿ ಒಂದು ಬೀಜವನ್ನೂ ಇನ್ನೊಂದು ಕ್ಷೇತ್ರವನ್ನೂ ತಳ್ಳುವುದು ವಿರೋಧವಲ್ಲವೇ ಎಂದರೆ, ಎರಡರಲ್ಲಿಯೂ ಸಮಾನವಾಗಿ ಗೆದ್ದದ್ದು ಮೂರನೆಯದೊಂದು: ಸಂಕಲ್ಪ. ಮಗು ಬೇಕೆಂದು ವಿಧಿಪೂರ್ವಕವಾಗಿ ಬಯಸಿದವರೇ ತಾಯಿತಂದೆಗಳು. ಆದುದರಿಂದ ಇಂದಿನ ಈ ವಿಧಿಯನ್ನು ನಿಯೋಗದ ಪುನರುಜ್ಜೀವನವೆಂದು ಹೇಳುವ ರೂಢಿಯು ಯುಕ್ತವಲ್ಲ. ಅದು ಕ್ಷೇತ್ರಜನ ಸಂತತಿಯಲ್ಲ, ದತ್ತಕನ ಸಂತತಿ. ಜನನಕ್ಕಿಂತ ಮೊದಲೇ ನಡೆಯುವ ದತ್ತುಸ್ವೀಕಾರ. ಆದರೂ ಬೀಜದ ಮೋಹವು ಪೂರ್ಣವಾಗಿ ಬಿಟ್ಟಿಲ್ಲ. ೨೦೨೩ರ ಮಾರ್ಚಿಯಲ್ಲಿ ಬಾಡಿಗೆ ತಾಯ್ತನಕ್ಕೆ ದಂಪತಿಗಳಿಬ್ಬರ ಬೀಜವೂ ಇರಲೇಬೇಕೆಂದು ನಿಯಮವಾಯಿತು. ೨೦೨೪ರ ಫೆಬ್ರುವರಿಯಲ್ಲಿ ಅದನ್ನು ಸಡಿಲಿಸಿ, ರೋಗಕಾರಣವಿದ್ದಲ್ಲಿ ಒಂದು ಬೀಜವು ದಾನದ್ದಾದರೂ ಆಗಬಹುದು, ಇನ್ನೊಂದು ದಂಪತಿಗಳದೇ ಆಗಿರಬೇಕು ಎಂದು ತಿದ್ದಲಾಯಿತು.

೮. ಶಬ್ದವಿಚಾರ

ಇಲ್ಲಿ ಕನ್ನಡ ಶಬ್ದಗಳ ಕಡೆಗೆ ಒಂದು ನೋಟವು ಅಪ್ರಸ್ತುತವಾಗಲಾರದು. ಹಳಗನ್ನಡದ ಪೆಱು ಧಾತುವಿಗೆ ಪಡೆ, ಹೊಂದು ಎಂಬುದು ಮೂಲಾರ್ಥ. ತಮಿಳಿನಲ್ಲಿ ಆ ಅರ್ಥವು ಇಂದಿಗೂ ಪ್ರಚುರವಾಗಿದೆ. ಅದರಿಂದ ಬಂದ ಹೆತ್ತವರು ಎಂಬ ಮಾತು ತಾಯಿಗೆ ಮಾತ್ರವಲ್ಲದೆ ತಂದೆಗೂ ಸಲ್ಲುತ್ತದೆ. ಪ್ರಸವಿಸದ ತಂದೆಯು ಹೆತ್ತವನು ಹೇಗಾದನೆಂದರೆ, ಮಗುವನ್ನು ಪಡೆದವನು ಎಂಬ ಅರ್ಥದಿಂದಲೇ. ಪೊಱು ಧಾತುವಾದರೋ ಭಾರವನ್ನು ತಾಳುವ ಅರ್ಥದ್ದು, ಅದರಿಂದ ಹೊತ್ತವಳು. ಸಾಕು ಎಂಬುದರಿಂದ ಸಾಕಿದವರು. ಹೆತ್ತವರು, ಹೊತ್ತವಳು, ಸಾಕಿದವರು ಎಂಬ ಮೂರನ್ನೂ ಕನ್ನಡವು ಮೊದಲಿನಿಂದಲೂ ಬೇರೆಬೇರೆಯಾಗಿ ಹೇಳಬಲ್ಲದು.

ಹೀಗಿರಲು, ಪತ್ರಿಕೆಗಳಿಂದ ಕಾನೂನಿನವರೆಗೆ ಬಳಕೆಗೆ ಬಂದಿರುವ ಬಾಡಿಗೆ ತಾಯಿ ಎಂಬ ಪದವು ಶೋಚನೀಯವಾದುದು. ಬಾಡಿಗೆಯು ಮನೆಗೆ, ಬಂಡಿಗೆ. ಬಾಡಿಗೆಯನ್ನೇ ನಿಷೇಧಿಸಿದ ವಿಧಿಗೆ ಬಾಡಿಗೆಯ ಹೆಸರನ್ನಿಡುವುದು ವದತೋವ್ಯಾಘಾತವೂ ಹೌದು. ಹೊತ್ತ ತಾಯಿ ಎಂಬ ನೇರವಾದ ಮಾತಿರುವಾಗ ಕನ್ನಡ ವಿದ್ವಾಂಸರು ಈ ಅಪಶಬ್ದವನ್ನು ಏಕೆ ಸಹಿಸಬೇಕೆಂಬುದು ವಿಚಾರಾರ್ಹ. ಅಮರಸಿಂಹನು ರೋಹಿಣಿಗೆ ಸಲ್ಲಿಸಿದಷ್ಟು ಮರ್ಯಾದೆಯನ್ನಾದರೂ ನಾವು ಆಕೆಗೆ ಸಲ್ಲಿಸಬೇಡವೇ?

೯. ಶಿಶುವಿನ ಪಕ್ಷ

ಇಷ್ಟು ಹೊತ್ತು ಮಗುವು ಯಾರದು ಎಂದು ಕೇಳಿದೆವು. ಮಗುವಿಗೆ ಯಾರು ಯಾರು ಎಂಬುದು ಅದರ ಇನ್ನೊಂದು ಮುಖ. ದತ್ತಕವಿಧಿಯು ಜನ್ಮಸಂಬಂಧದ ನೆನಪನ್ನು ಕಾಪಾಡಿತೆಂದು ಮೇಲೆ ಕಂಡೆವು. ಹೊಸ ವಿಧಿಯು ದಾನಿಯ ವಿವರಗಳನ್ನು ದಾಖಲೆಯಲ್ಲಿಟ್ಟರೂ ಗೋಪ್ಯವಾಗಿರಿಸುತ್ತದೆ. ಒಬ್ಬ ದಾನಿಯ ಬೀಜವನ್ನು ಒಂದಕ್ಕಿಂತ ಹೆಚ್ಚು ದಂಪತಿಗಳಿಗೆ ಕೊಡಕೂಡದೆಂದು ಕಟ್ಟುಮಾಡಿ, ಸಾಪಿಂಡ್ಯದೋಷದ ಭಯವನ್ನು ಬಹುಮಟ್ಟಿಗೆ ಕಡಮೆಮಾಡಿರುವುದು ನಿಜ; ಆದರೆ ಭಯವು ಕಡಮೆಯಾದ ಮಾತ್ರಕ್ಕೆ ಜಿಜ್ಞಾಸೆಯು ತೃಪ್ತವಾಗುವುದಿಲ್ಲ. ಸ್ವೀಡನ್ ದೇಶವು ೧೯೮೪ರ ಕಾನೂನಿನಿಂದ, ಬ್ರಿಟನ್ ೨೦೦೫ರ ಏಪ್ರಿಲ್ ೧ರಿಂದ, ಬೀಜದಾನದಿಂದ ಹುಟ್ಟಿದವರು ಪ್ರಾಯಕ್ಕೆ ಬಂದಾಗ ದಾನಿಯು ಯಾರೆಂದು ತಿಳಿಯುವ ಹಕ್ಕನ್ನು ಕೊಟ್ಟಿವೆ.

ನಮ್ಮ ವಾಙ್ಮಯದಲ್ಲಿ ಈ ವಿಷಯಕ್ಕ ಎರಡು ನಿದರ್ಶನಗಳು ಎದುರುಬದುರಾಗಿ ನಿಂತಿವೆ. ಛಾಂದೋಗ್ಯದ ಸತ್ಯಕಾಮನು ಗುರುಕುಲಕ್ಕೆ ಹೊರಡುವಾಗ ಗೋತ್ರವಾವುದೆಂದು ತಾಯಿಯನ್ನು ಕೇಳಿದನು. ಜಬಾಲೆಯು ಮರೆಮಾಚದೆ, ಗೋತ್ರವನ್ನರಿಯೆನೆಂದೂ, ತನ್ನ ಹೆಸರಿನಿಂದಲೇ ಜಾಬಾಲನೆಂದು ಹೇಳಿಕೊಳ್ಳೆಂದೂ ತಿಳಿಸಿದಳು. ಹುಡುಗನು ಅದನ್ನೇ ಹಾರಿದ್ರುಮತ ಗೌತಮನ ಮುಂದೆ ನಿರ್ಭಯವಾಗಿ ಹೇಳಲು, ಸತ್ಯದಿಂದ ಜಾರದವನೆಂದು ಆಚಾರ್ಯನು ಅವನನ್ನು ಶಿಷ್ಯನನ್ನಾಗಿ ಸ್ವೀಕರಿಸಿದನು. ಗೋತ್ರವು ತಿಳಿಯದಿದ್ದುದು ಅವನ ವಿದ್ಯೆಗೆ ಅಡ್ಡಿಯಾಗಲಿಲ್ಲ. ತಾಯಿಯು ನಿಜವನ್ನು ಹೇಳಿದ್ದೇ ಅವನ ವಿದ್ಯೆಗೆ ಬಾಗಿಲಾಯಿತು. ಕರ್ಣನ ಗತಿಯು ಇದಕ್ಕೆ ವಿಪರೀತ. ಜನ್ಮವೃತ್ತಾಂತವನ್ನು ಮರೆಯಿಟ್ಟ ಕಾರಣ ಅವನು ರಂಗಭೂಮಿಯಲ್ಲಿ ಕುಲವನ್ನು ಕೇಳಿದಾಗ ತಲೆತಗ್ಗಿಸಬೇಕಾಯಿತು. ನಿಜವು ತಿಳಿದದ್ದು ಯುದ್ಧದ ಹೊಸ್ತಿಲಲ್ಲಿ, ತಿಳಿದು ಪ್ರಯೋಜನವಿಲ್ಲದಾಗ. ೯೪೧ರಲ್ಲಿ ವಿಕ್ರಮಾರ್ಜುನವಿಜಯವನ್ನು ಮುಗಿಸಿದ ಪಂಪನೂ, ಮುಂದೆ ಕುಮಾರವ್ಯಾಸನೂ ಈ ಸಂದರ್ಭದಲ್ಲಿ ಕರ್ಣನ ಕಡೆಗೇ ಓದುಗರ ಹೃದಯವನ್ನು ತಿರುಗಿಸಿದ್ದಾರೆ. ಕೌಂತೇಯನಾಗಲು ಕರೆದರೂ ಅವನು ರಾಧೇಯನಾಗಿಯೇ ಉಳಿದನು. ಸಾಕಿದವರ ಋಣವು ಅವನಿಗೆ ಹಗುರವಾಗಿ ತೋರಲಿಲ್ಲ. ನಿಜವನ್ನು ಎಳವೆಯಲ್ಲಿಯೇ ಅರಿತಿದ್ದರೆ ಅವನು ರಾಧೆಯನ್ನು ತೊರೆಯುತ್ತಿದ್ದನೆಂದು ಭಾವಿಸಲು ಕಾರಣವಿಲ್ಲ. ಸಾಕಿದವರು ಸತ್ಯಕ್ಕೆ ಅಂಜಬೇಕಾಗಿಲ್ಲವೆಂಬುದು ಇದರಿಂದ ವ್ಯಕ್ತವಾಗುವುದು.

೧೦. ಉಪಸಂಹಾರ

ಇದುವರೆಗಿನ ವಿಚಾರದಿಂದ ಫಲಿತವಾದ ಅಂಶಗಳನ್ನು ಸಂಗ್ರಹಿಸುವುದಾದರೆ: ಪುರಾಣದ ಅಯೋನಿಜಕಥೆಗಳು ವೈದ್ಯವಿದ್ಯೆಗೆ ಪ್ರಮಾಣವಲ್ಲ, ನಮ್ಮ ನಿಜವಾದ ಪಿತ್ರಾರ್ಜಿತವು ಬೀಜ-ಕ್ಷೇತ್ರಗಳ ನ್ಯಾಯವಿಚಾರ. ಆ ವಿಚಾರವು ಬೀಜದಿಂದ ಕ್ಷೇತ್ರಕ್ಕೆ, ಕ್ಷೇತ್ರದಿಂದ ಸಂಕಲ್ಪಕ್ಕೆ ಸಾಗಿ ದತ್ತಕದಲ್ಲಿ ನೆಲೆನಿಂತಿತು. ೨೦೨೧ರ ವಿಧಿಗಳು ಆ ಕವಲಿನವೇ. ಸಂತಾನದ ಕ್ರಯವನ್ನು ನಿಷೇಧಿಸುವುದರಲ್ಲಿ ಇಂದಿನ ವಿಧಿಯು ಆಪಸ್ತಂಬನಿಗೆ ಸಮ್ಮತವಾಗತಕ್ಕುದು. ಆದರೆ ದತ್ತಕವು ಕಾಪಾಡಿದ ಜನ್ಮಸ್ಮೃತಿಯನ್ನು ಅದು ಕಾಪಾಡುತ್ತಿಲ್ಲ, ಹೊತ್ತವಳಿಗೆ ಹೆಸರನ್ನು ಉಳಿಸುತ್ತಿಲ್ಲ.

ಕಾನೂನನ್ನು ತಿದ್ದುವುದು ಶಾಸನಕರ್ತರ ಕೆಲಸ. ಶಬ್ದವನ್ನು ತಿದ್ದುವುದೂ ಕಥೆಯನ್ನು ಸರಿಯಾಗಿ ಹೇಳುವುದೂ ಅಧ್ಯಾಪಕರಾದವರ ಕೆಲಸ. ಇಂದು ಇಂತಹ ವಿಧಿಯಿಂದ ಹುಟ್ಟಿದ ಮಕ್ಕಳು ನಮ್ಮ ಪಾಠಶಾಲೆಗಳಲ್ಲಿ ಕುಳಿತು ಕರ್ಣನ ಕಥೆಯನ್ನು ಕೇಳುತ್ತಿದ್ದಾರೆಂಬುದನ್ನು ಮರೆಯಲಾಗದು. ಷಣ್ಮುಖನಿಗೆ ಎಷ್ಟು ಮಂದಿ ತಾಯಂದಿರಿದ್ದರೋ ಅಷ್ಟು ಹೆಸರುಗಳಿದ್ದುವೆಂದೂ, ಅವುಗಳಲ್ಲಿ ಒಂದೂ ಅವನಿಗೆ ಅವಮಾನಕರವಾಗಿರಲಿಲ್ಲವೆಂದೂ ಆ ಮಕ್ಕಳಿಗೆ ತಿಳಿಯಹೇಳುವುದು ಅಮರಕೋಶವನ್ನು ಓದಿದವರಿಗೆ ಕಷ್ಟವಾಗಲಾರದು.